ಎಡಗಡೆಯದು ದುಡ್ಡಿನದು, ಬಲಗಡೆಯದು ಪುಕ್ಕಟೆಯದು

ಸಾರ್ವಜನಿಕ ಗ್ರಂಥಾಲಯದ ದಾಖಲೆ ಗುಮಾಸ್ತರಿಗೆ ಕಂಪ್ಯೂಟರಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಇದು ದೊಡ್ಡ ದೋಷವೇನಲ್ಲ. ಆ ಗ್ರಂಥಾಲಯದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಳಿದವರು ಅದನ್ನು ಒಪ್ಪಿಕೊಂಡಿದ್ದರು, ಗುಮಾಸ್ತರು ಒಪ್ಪಿಕೊಂಡಿರಲಿಲ್ಲ. ಅವರ ಮೇಲೆ ಬಂದದ್ದೆಲ್ಲ ಬಂದದ್ದು ಇಷ್ಟರಿಂದಲೇ.

ಎರಡು ವರ್ಷದ ಹಿಂದೆ ಒಂದು ದಿನ ಕೌಂಟರಿನಲ್ಲಿದ್ದ ಏಕೈಕ ಕಂಪ್ಯೂಟರ್ ಕಪ್ಪಗಾಗಿ ಕೂತುಬಿಟ್ಟಿತ್ತು. ಸುತ್ತ ನಿಂತವರೆಲ್ಲ ಅದರ ಮುಖ ನೋಡುತ್ತಿದ್ದಾಗ ಗುಮಾಸ್ತರು ಬಿದ್ದ ಪೆನ್ನು ಹುಡುಕುತ್ತ ಮೇಜಿನ ಕೆಳಗೆ ನುಗ್ಗಿದರು. ಅವರ ಮೊಣಕೈ ಯಾವುದಕ್ಕೋ ತಗುಲಿತು, ಕಂಪ್ಯೂಟರಿಗೆ ಜೀವ ಬಂತು. ತಲೆಗೆ ಜೇಡರ ಬಲೆ ಸುತ್ತಿಕೊಂಡು ಮೇಲೆದ್ದ ಗುಮಾಸ್ತರು ಎಲ್ಲರೂ ತಮ್ಮನ್ನೇ ನೋಡುತ್ತಿರುವುದನ್ನು ಕಂಡರು. ಪೆನ್ನಿನ ವಿಷಯ ಹೇಳಿಬಿಡಬಹುದಿತ್ತು. ಅದರ ಬದಲು ಕನ್ನಡಕ ಒರೆಸಿಕೊಂಡು, "ಸಿಸ್ಟಂ ಸ್ವಲ್ಪ ಬಿಸಿಯಾಗಿತ್ತು" ಅಂದರು. ಅಂದಿನಿಂದ ಕಚೇರಿಯಲ್ಲಿ ಅವರ ಹೆಸರು 'ಸಿಸ್ಟಂ ಸಾಹೇಬರು' ಎಂದಾಯಿತು. ಮನೆಯಲ್ಲೂ ಅವರು ಈ ಬಿರುದನ್ನು ಮುಚ್ಚಿಡಲಿಲ್ಲ.

ಹೀಗಿರುವಾಗ ಮುಖ್ಯ ಗ್ರಂಥಪಾಲಕಿ, ಎಂದರೆ ಎಲ್ಲರ ಬಾಯಲ್ಲಿ ಮೇಡಂ, ಒಂದು ಬೆಳಿಗ್ಗೆ ಅವರನ್ನು ಕರೆದು ಕೇಂದ್ರ ಕಚೇರಿಯ ಸುತ್ತೋಲೆ ಮುಂದಿಟ್ಟರು.

"ಆರು ಹೊಸ ಕಂಪ್ಯೂಟರ್ ಬರ್ತಿವೆ. ಅದಕ್ಕೆ ಕಂಪನಿಯೋರು ಮಾರೋ ಆಪರೇಟಿಂಗ್ ಸಿಸ್ಟಂ ಹಾಕಿಸಬೇಕೋ, ಪುಕ್ಕಟೆ ಸಿಗೋ ಓಪನ್ ಸೋರ್ಸ್ ಹಾಕಿಸಬೇಕೋ ಅಂತ ಕೇಳಿದಾರೆ. ಎರಡರಲ್ಲಿ ಯಾವುದನ್ನ ಚೆನ್ನಾಗಿ ಪರೀಕ್ಷೆ ಮಾಡಿ ಹೊರಗೆ ಬಿಟ್ಟಿದಾರೆ ಅಂತ ತುಲನಾತ್ಮಕ ವರದಿ ಬೇಕಂತೆ. ನಿಮಗೇನು, ಎಡಗೈ ಕೆಲಸ."

"ಹೌದು ಮೇಡಂ," ಅಂದರು ಗುಮಾಸ್ತರು. ಅವರ ಎಡಗೈ ಆಗಲೇ ಬೆವರುತ್ತಿತ್ತು.

"ಹತ್ತು ದಿನ ಇದೆ. ಆಮೇಲೆ ತಜ್ಞರು ಬಂದು ನಿಮ್ಮನ್ನೇ ಪ್ರಶ್ನೆ ಕೇಳ್ತಾರೆ. ಸರಿಹೋದ್ರೆ ಆ ಆರು ಕಂಪ್ಯೂಟರಿನ ಕೋಣೆ ನಿಮ್ಮದೇ. ಸರಿಹೋಗ್ಲಿಲ್ಲ ಅಂದ್ರೆ ಹೋಗೋದು ನನ್ನ ಮಾನ."

ಆ ಕೋಣೆಯನ್ನು ಗುಮಾಸ್ತರು ನೋಡಿದ್ದರು. ಎರಡು ಕಿಟಕಿ, ಹೊಸ ಫ್ಯಾನು, ತಿರುಗುವ ಕುರ್ಚಿ. ಅವರು ಇಪ್ಪತ್ತೆರಡು ವರ್ಷದಿಂದ ಕೂತಿದ್ದ ದಾಖಲೆ ಕೋಣೆಯಲ್ಲಿ ತಿರುಗುವ ವಸ್ತು ಎಂದರೆ ಇಲಿ ಒಂದೇ.

ಅಂದು ಸಂಜೆ ಗುಮಾಸ್ತರು ಮನೆ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ನಿಂತು, ಕಂಪ್ಯೂಟರ್ ಅಂಗಡಿಯವನೊಬ್ಬನಿಗೆ ಫೋನ್ ಮಾಡಿದರು. ಗಂಡನಿಗೆ ಈ ವಿದ್ಯೆ ಕರತಲಾಮಲಕ ಎಂದು ನಂಬಿದ್ದ ಹೆಂಡತಿಗೆ ಕೇಳಿಸಬಾರದಲ್ಲ. ಆದರೆ ಅಡುಗೆಮನೆಯ ಕಿಟಕಿ ತೆರೆಯುವುದು ಮೆಟ್ಟಿಲ ಕಡೆಗೇ. ಒಲೆಯ ಮೇಲೆ ಕುಕ್ಕರ್ ಇತ್ತು. ಆಕೆಗೆ ಕೇಳಿಸಿದ್ದು ಕುಕ್ಕರ್ ಬಿಟ್ಟುಕೊಟ್ಟಷ್ಟು ಮಾತ್ರ.

"ಹಲೋ, ಆಪರೇ..." ಕುಕ್ಕರ್ ಕೂಗಿತು. "...ಮಾಡಿಸಲೇಬೇಕು ಅಂತಾಗಿದೆ. ದುಡ್ಡು ಕೊಟ್ಟು ಮಾಡಿಸೋದು ಒಂದು, ಪುಕ್ಕಟೆದು ಒಂದು. ಯಾವುದರಲ್ಲಿ ಟೆಸ್ಟ್ ಚೆನ್ನಾಗಿ ಮಾಡ್ತಾರೆ ಅನ್ನೋದೇ ನನ್ನ ಪ್ರಶ್ನೆ. ಓಪನ್ ಅಂದ್ರೆ, ಒಳಗೆ ಏನಿದೆ ಅಂತ ತೆರೆದು ನೋಡ್ತಾರಾ? ಯಾರು ಬೇಕಾದ್ರೂನಾ?" ಕುಕ್ಕರ್ ಮತ್ತೆ ಕೂಗಿತು. "...ಮಧ್ಯದಲ್ಲೇ ನಿಂತುಹೋದ್ರೆ ಏನು ಗತಿ? ಹೂಂ, ಇರೋದು ಇನ್ನು ಹತ್ತೇ ದಿನ. ಇಲ್ಲ ಇಲ್ಲ, ಮನೇಲಿ ಹೇಳಿಲ್ಲ. ಅವಳಿಗೆ ಗೊತ್ತಾಗೋದು ಬೇಡ."

ಇವರು ಕೊಳ್ಳುವ ಗಿರಾಕಿಯಲ್ಲ ಎಂದು ಮನಗಂಡ ಅಂಗಡಿಯವನು ಫೋನ್ ಇಟ್ಟುಬಿಟ್ಟ. ಹೆಂಡತಿ ಒಲೆ ಆರಿಸಿದಳು.

ಒಂದು ಕೆಮ್ಮು ಬಂದರೆ ಮೂರು ಮಹಡಿಗೂ ಸಾರುವ ಮನುಷ್ಯ, ಆಪರೇಷನ್ ಆಗಬೇಕಾದ್ದನ್ನು ಹೆಂಡತಿಯಿಂದ ಮುಚ್ಚಿಡುತ್ತಿದ್ದಾನೆ ಎಂದರೆ ಕಾಯಿಲೆ ಸಣ್ಣದಿರಲಾರದು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದು ನಿರ್ಧಾರಕ್ಕೆ ಬಂದಳು: ನನಗಾಗಿ ಇಷ್ಟು ದೊಡ್ಡದನ್ನು ನುಂಗಿಕೊಂಡಿರುವವರ ಮುಂದೆ, ನನಗೆ ಗೊತ್ತಾಗಿದೆಯೆಂದು ತೋರಿಸಿಕೊಳ್ಳಬಾರದು. ಅಂದಿನ ಅಡುಗೆಗೆ ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯಿಲ್ಲ. ಹೆಂಡತಿಗೆ ಯಾವುದಕ್ಕೋ ಸಿಟ್ಟು ಬಂದಿದೆ ಎಂದುಕೊಂಡ ಗುಮಾಸ್ತರು ತಲೆ ತಗ್ಗಿಸಿ ತುಟಿಪಿಟಕ್ಕೆನ್ನದೆ ಉಂಡರು. ಸಪ್ಪೆ ಊಟಕ್ಕೆ ಗಂಡ ಗೊಣಗಲಿಲ್ಲವೆಂಬುದೇ ಆಕೆಗೆ ಕೊನೆಯ ಸಾಕ್ಷಿಯಾಯಿತು.

ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ಕಾಂಪೌಂಡರ್ ಇದ್ದರು. ಮೂವತ್ತೊಂದು ವರ್ಷ ಆಸ್ಪತ್ರೆಗಳಲ್ಲಿ ಔಷಧಿ ಕಟ್ಟಿಕೊಟ್ಟು, ಈಗ ದಿನಾ ಗ್ರಂಥಾಲಯದಲ್ಲಿ ಪೇಪರ್ ಓದಿ ಕಾಲ ಕಳೆಯುವವರು. ಹೆಂಡತಿ ಅವರೊಬ್ಬರ ಕಿವಿಗೆ ಮಾತ್ರ ವಿಷಯ ಹಾಕಿದಳು. ಅವರೂ ಅದನ್ನು ಗುಟ್ಟಾಗಿಯೇ ಇಟ್ಟರು. ಒಬ್ಬೊಬ್ಬರಿಗೂ ಗುಟ್ಟು ಎಂದು ಹೇಳಿಯೇ ಹೇಳಿದರು.

ಮರುದಿನ ಬೆಳಿಗ್ಗೆ ಅವರು ಮೆಟ್ಟಿಲ ಬುಡದಲ್ಲಿ ಕಾದಿದ್ದು ಗುಮಾಸ್ತರ ಕೈಚೀಲ ಇಸಿದುಕೊಂಡರು.

"ವಿಷಯ ತಿಳೀತು ಗುಮಾಸ್ತರೇ. ಧೈರ್ಯವಾಗಿರಿ."

ಗ್ರಂಥಾಲಯದಲ್ಲಿ ಯಾರೋ ಸುತ್ತೋಲೆಯ ಸುದ್ದಿ ಹೇಳಿರಬೇಕು ಎಂದುಕೊಂಡರು ಗುಮಾಸ್ತರು. "ನಿಮಗೆ ಇದರಲ್ಲಿ ಅನುಭವ ಉಂಟಾ?"

"ಮೂವತ್ತೊಂದು ವರ್ಷ ಇನ್ನೇನು ಮಾಡಿದೆ ಅಂದ್ಕೊಂಡ್ರಿ? ಎಷ್ಟು ಆಪರೇಷನ್ನು, ಎಷ್ಟು ಟೆಸ್ಟು."

ಅವರ ಬಾಯಲ್ಲಿ ಆಪರೇಟಿಂಗು ಆಪರೇಷನ್ ಆದದ್ದನ್ನು ಗುಮಾಸ್ತರು ದೊಡ್ಡ ಮನಸ್ಸಿನಿಂದ ಕ್ಷಮಿಸಿದರು. ಈಗೆಲ್ಲ ಆಸ್ಪತ್ರೆಯಲ್ಲೂ ಕಂಪ್ಯೂಟರೇ ತಾನೆ. ಈ ಮುದುಕ ಇಷ್ಟು ದಿನ ಕೆಳಗಿನ ಮನೆಯಲ್ಲೇ ಇದ್ದು ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎನಿಸಿತು. ಜೇಬಿನಿಂದ ಪೆನ್ನು ತೆಗೆದರು. "ದುಡ್ಡಿಂದು ಹೇಗೆ, ಪುಕ್ಕಟೆದು ಹೇಗೆ? ಟೆಸ್ಟ್ ವಿಷಯದಲ್ಲಿ."

"ದುಡ್ಡು ತಗೊಳ್ಳೋರು ಮಾಡೋ ಟೆಸ್ಟ್‌ಗೆ ಕೊನೆ ಮೊದಲಿಲ್ಲ. ಬೇಕಾದ್ದು, ಬೇಡದ್ದು, ಎಲ್ಲ ಮಾಡ್ತಾರೆ. ಆದ್ರೆ ಬಾಗಿಲು ಹಾಕ್ಕೊಂಡು ಮಾಡ್ತಾರೆ. ಒಳಗೆ ಏನು ಸಿಕ್ತು ಅಂತ ಕೇಳಿ, 'ಎಲ್ಲ ಸರಿಯಾಗಿದೆ' ಅಂತ ನಗ್ತಾರೆ. ಅದರ ಮೇಲೆ ಒಂದು ಅಕ್ಷರ ಬಿಡಲ್ಲ."

"ಮತ್ತೆ ಪುಕ್ಕಟೆದು?"

"ಅಲ್ಲಿ ಮುಚ್ಚುಮರೆ ಅನ್ನೋದೇ ಇಲ್ಲ. ಕಲಿಯೋರು ಇಪ್ಪತ್ತು ಜನ ಸುತ್ತ ನಿಂತು ಇಣುಕ್ತಾರೆ. ಒಬ್ಬೊಬ್ಬರೂ ಒಂದೊಂದು ತಪ್ಪು ಎತ್ತಿ ಆಡ್ತಾರೆ, ಎಲ್ಲರ ಎದುರಿಗೆ, ಜೋರಾಗಿ. ಕೇಳಿಸ್ಕೊಂಡ್ರೆ ಎದೆ ಧಸಕ್ ಅನ್ನುತ್ತೆ. ಆದ್ರೆ ಇಪ್ಪತ್ತು ಜೊತೆ ಕಣ್ಣು ನೋಡಿರ್ತವಲ್ಲ, ಅದು ದೊಡ್ಡದು."

"ಹಾಗಾದ್ರೆ ಪುಕ್ಕಟೆದೇ ವಾಸಿ."

"ಅವಸರ ಮಾಡಬೇಡಿ. ಇಪ್ಪತ್ತು ಜನಾನೂ ಇನ್ನೊಬ್ಬ ನೋಡಿರ್ತಾನೆ ಬಿಡು ಅಂತ ಟೀ ಕುಡಿಯೋಕೆ ಹೋದ ದಿನ ನಿಮ್ಮ ಸರದಿ ಬಂತು ಅನ್ನಿ. ಆಗ?"

ಗುಮಾಸ್ತರು ಇದನ್ನೂ ಬಿಡದೆ ಬಸ್ ಟಿಕೆಟಿನ ಹಿಂದೆ ಬರೆದುಕೊಂಡರು. ಅವರ ನಿಧಾನ ಬರವಣಿಗೆ ನೋಡಿ ಕಾಂಪೌಂಡರು ಕೈಚೀಲವನ್ನು ಎದೆಗವಚಿಕೊಂಡರು. "ಏನು ಗಟ್ಟಿ ಜೀವ ಅಂತೀರಿ," ಎಂದು ಅಂದು ಮಧ್ಯಾಹ್ನ ಓದುವ ಕೋಣೆಯಲ್ಲಿ ಏಳು ಜನರಿಗೆ ಗುಟ್ಟಾಗಿ ಹೇಳಿದರು. "ತನ್ನ ಆಪರೇಷನ್ ವಿಷಯ, ಸಾಮಾನಿನ ಪಟ್ಟಿ ಬರೆದ ಹಾಗೆ ಬರ್ಕೊಂಡ್ರು."

ಎರಡು ದಿನ ಬಿಟ್ಟು ಭಾವಮೈದುನನ ಫೋನ್ ಬಂತು. ಹೆಂಡತಿಯ ಈ ತಮ್ಮ ಪಕ್ಕದ ಊರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಅಂಗಡಿಯ ಮೇಜಿನ ಮೇಲೆ ಎರಡು ಕಂಪ್ಯೂಟರ್, ಎಡಗಡೆಗೊಂದು, ಬಲಗಡೆಗೊಂದು. ಗುಮಾಸ್ತರು ಕಣ್ಣಾರೆ ಕಂಡಿದ್ದರು. ಭಾವಮೈದುನ ನಾಚಿಕೆ ಸ್ವಭಾವದವನು. ಮೂರು ವರ್ಷದಲ್ಲಿ ಎರಡು ಸಲ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು, ಅಕ್ಕನೊಬ್ಬಳಿಗೆ ಬಿಟ್ಟು ಇನ್ನಾರಿಗೂ ಹೇಳಿರಲಿಲ್ಲ. ಇದನ್ನು ಮಾತ್ರ ಗುಮಾಸ್ತರು ಕಂಡಿರಲಿಲ್ಲ.

"ಭಾವ, ಯಾರು ಹೇಳಿದ್ರು ಅಂತ ಕೇಳಬೇಡಿ, ನನಗೆ ಗೊತ್ತಾಗಿದೆ. ಈ ವಿಷಯದಲ್ಲಿ ನನ್ನಷ್ಟು ಅನುಭವ ನಮ್ಮ ಮನೇಲಿ ಯಾರಿಗೂ ಇಲ್ಲ. ನನ್ನ ಎಡಗಡೆದು ದುಡ್ಡು ಕೊಟ್ಟು ಮಾಡಿಸಿದ್ದು, ಬಲಗಡೆದು ಪುಕ್ಕಟೆ."

ಗುಮಾಸ್ತರು ಹಾರಿ ಎದ್ದು ಕಾಗದ ಹುಡುಕಿದರು. "ಎರಡೂ ಇದೆಯಾ ನಿನ್ನ ಹತ್ರ? ಒಂದು ಮಾತು ಹೇಳ್ಲಿಲ್ಲವಲ್ಲಪ್ಪ."

"ಹೇಳೋ ಜಾಗವಾ ಭಾವ ಅದು. ನಾಚಿಕೆ."

"ಜಾಗ ಚಿಕ್ಕದಾದ್ರೆ ನಾಚಿಕೆ ಯಾಕೆ? ಕೆಲಸ ನಡೀತಿದೆಯೋ ಇಲ್ವೋ?"

ಭಾವಮೈದುನ ದನಿ ತಗ್ಗಿಸಿದ. "ನಡೀತಿದೆ ಭಾವ."

"ಸರಿ, ಈಗ ಎರಡೂ ಹೇಗಿವೆ ಹೇಳು."

"ಎಡಗಡೆದು ನೋಡೋಕೆ ಲಕ್ಷಣವಾಗಿದೆ. ಮುಟ್ಟಿದ್ರೂ ಗೊತ್ತಾಗಲ್ಲ. ಆದ್ರೆ ಆಗಾಗ ಕಾರಣ ಇಲ್ಲದೆ ಹಿಡ್ಕೊಳ್ಳುತ್ತೆ. ಹೋಗಿ ಕೇಳಿದ್ರೆ, ನಮ್ಮ ಕಡೆಯಿಂದ ಏನೂ ತಪ್ಪಿಲ್ಲ, ನೀವೇ ಏನೋ ಮಾಡಿರಬೇಕು ಅಂತಾರೆ. ಬಲಗಡೆದು ಒರಟು, ಅವರವರೇ ಕಲ್ತು ಹೊಲಿದ ಹಾಗಿದೆ. ಆದ್ರೆ ಒಂದು ದಿನ ತೊಂದ್ರೆ ಕೊಟ್ಟಿಲ್ಲ. ಏನಾದ್ರೂ ಕೇಳಬೇಕು ಅಂದ್ರೆ ಸಾಲಲ್ಲಿ ನಿಲ್ಲಬೇಕು, ಯಾರು ಸಿಗ್ತಾರೋ ಅವರು ಹೇಳಿದ್ದೇ ಉತ್ತರ."

"ಭಾರ ತಡೆಯುತ್ತಾ?"

"ಬಲಗಡೆದು ತಡೆಯುತ್ತೆ. ಎಡಗಡೆ ಭಾರ ಬೀಳೋಕೆ ನಾನು ಬಿಡಲ್ಲ."

ಗುಮಾಸ್ತರ ಕಣ್ಣಲ್ಲಿ ನೀರಾಡಿತು. ಸ್ವಂತ ಭಾವಮೈದುನ ಇಷ್ಟು ಬುದ್ಧಿವಂತ ಎಂದು ಅವರಿಗೆ ಅಲ್ಲಿಯವರೆಗೆ ಅನುಮಾನವೂ ಬಂದಿರಲಿಲ್ಲ.

ವರದಿ ಬೆಳೆಯತೊಡಗಿತು. ಗುಮಾಸ್ತರ ಕೈಬರಹ ಚೆನ್ನಾಗಿತ್ತು, ಸರ್ಕಾರಿ ಭಾಷೆ ಅದಕ್ಕಿಂತ ಚೆನ್ನಾಗಿತ್ತು. 'ಹಣ ತೆರುವ ವ್ಯವಸ್ಥೆಯಲ್ಲಿ ಪರೀಕ್ಷೆಗಳ ಸಂಖ್ಯೆ ಅಧಿಕವಿದ್ದರೂ ಅವು ಮುಚ್ಚಿದ ಬಾಗಿಲ ಹಿಂದೆ ಜರುಗುತ್ತವೆ. ದೋಷಪಟ್ಟಿ ಪ್ರಕಟವಾಗುವುದಿಲ್ಲ, ಆದಕಾರಣ ದೋಷಗಳಿಲ್ಲವೆಂಬ ಭಾವನೆ ಉಂಟಾಗುತ್ತದೆ. ಮುಕ್ತ ವ್ಯವಸ್ಥೆಯಲ್ಲಿ ದೋಷಗಳನ್ನು ಸರ್ವರ ಸಮ್ಮುಖದಲ್ಲಿ ಸಾರಲಾಗುತ್ತದೆ. ಆದಕಾರಣ ದೋಷಗಳೇ ತುಂಬಿವೆಯೆಂಬ ಭೀತಿ ಉಂಟಾಗುತ್ತದೆ. ಎರಡೂ ಅನಿಸಿಕೆಗಳು ಪರೀಕ್ಷೆಯಿಂದ ಹುಟ್ಟಿದವಲ್ಲ, ಪಟ್ಟಿಯಿಂದ ಹುಟ್ಟಿದವು.' ಬರೆದು ಮುಗಿಸಿ ಓದಿಕೊಂಡರೆ ಅವರಿಗೇ ಭಯವಾಯಿತು. ಇಷ್ಟು ತಿಳಿದವರು ಯಾರಿದು ಎನಿಸಿತು.

ಕಚೇರಿಯಲ್ಲೂ ಗಾಳಿ ಬದಲಾಗಿತ್ತು. ಕಡತ ಎತ್ತಿದರೆ ಜವಾನ ಓಡಿ ಬಂದು, "ನೀವು ಭಾರ ಎತ್ತಬಾರದು ಸಾರ್" ಎಂದು ಕಿತ್ತುಕೊಳ್ಳುತ್ತಿದ್ದ. ಮೇಜಿನ ಮೇಲೆ ಸೇಬು ಹಣ್ಣಿನ ಗುಡ್ಡೆಯಾಯಿತು. ಆರು ವರ್ಷದಿಂದ ಮಾತು ಬಿಟ್ಟಿದ್ದ ಪುಸ್ತಕ ಬೈಂಡಿಂಗ್ ಮಾಡುವವನು ಬಂದು, ಹಳೆಯದನ್ನೆಲ್ಲ ಮರೆತುಬಿಡೋಣ ಎಂದು ಕೈ ಹಿಡಿದುಕೊಂಡ. ಅಧಿಕಾರ ಬರುವ ಮೊದಲೇ ಜನ ಹೇಗೆ ಬಾಗುತ್ತಾರೆ ಎಂದು ಗುಮಾಸ್ತರು ಒಳಗೇ ನಕ್ಕು, ಒಂದು ಸೇಬು ಕಚ್ಚಿದರು.

ಎಂಟನೆಯ ದಿನ ಮೇಡಂ ತಾವೇ ದಾಖಲೆ ಕೋಣೆಗೆ ಇಳಿದು ಬಂದರು. "ವರದಿ ನಿಧಾನವಾದ್ರೂ ಪರವಾಗಿಲ್ಲ. ಮೊದಲು ನಿಮ್ಮದನ್ನ ನೋಡ್ಕೊಳ್ಳಿ."

"ಇಲ್ಲ ಮೇಡಂ. ಇದನ್ನ ಮುಗಿಸಿಯೇ ನಾನು ಮೇಲೆ ಹೋಗೋದು."

ಮೇಲೆ ಎಂದರೆ ಮೊದಲ ಮಹಡಿ. ಆರು ಕಂಪ್ಯೂಟರಿನ ಕೋಣೆ ಇದ್ದದ್ದು ಅಲ್ಲಿ. ಮೇಡಂ ಮುಖ ತಿರುಗಿಸಿ ಸರಸರನೆ ಹೊರಟುಹೋದರು.

ಹತ್ತನೆಯ ದಿನ ತಜ್ಞರು ಬಂದರು. ಸಣಕಲು ಆಸಾಮಿ, ಕುತ್ತಿಗೆಗೆ ಕಾರ್ಡು, ಕೈಯಲ್ಲಿ ಗುಮಾಸ್ತರ ಹದಿನಾಲ್ಕು ಪುಟದ ವರದಿ. ಮೇಡಂ ಅವರ ಕೋಣೆಯಲ್ಲಿ ಗುಮಾಸ್ತರನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು:

"ಇದುವರೆಗೆ ಹನ್ನೊಂದು ಶಾಖೆಯ ವರದಿ ಓದಿದೆ. ಅದರಲ್ಲಿ ಹತ್ತು, ಕಂಪನಿಯ ಪುಸ್ತಿಕೆ ನೋಡಿ ನಕಲು ಮಾಡಿದ್ದು. ಇದೊಂದೇ ಕಂಡು, ಉಂಡು ಬರೆದಿದ್ದು. ಆದ್ರೆ ಎಡಗಡೆಯದು, ಬಲಗಡೆಯದು ಅಂತ ಬರೆದಿದೀರಲ್ಲ, ಅವನ್ನ ನಾನು ಖುದ್ದಾಗಿ ನೋಡಬೇಕು. ಎಲ್ಲಿವೆ?"

"ನನ್ನ ಭಾವಮೈದುನನ ಹತ್ರ ಇವೆ ಸಾರ್. ಬೇರೆ ಊರು."

ಅಷ್ಟರಲ್ಲಿ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಫ್ಲಾಸ್ಕ್, ಇನ್ನೊಂದರಲ್ಲಿ ಟವೆಲು, ಹೊದಿಕೆ ತುಂಬಿದ ಚೀಲ ಹಿಡಿದು ಹೆಂಡತಿ ಒಳಗೆ ಬಂದಳು. ಹಿಂದೆ ಕಾಂಪೌಂಡರು, ಅವರ ಹಿಂದೆ ಭಾವಮೈದುನ.

"ಕ್ಷಮಿಸಿ ಮೇಡಂ," ಅಂದಳು ಹೆಂಡತಿ. "ಹತ್ತು ದಿನ ಇವತ್ತಿಗೆ ಮುಗೀತು, ಇನ್ನು ನನ್ನ ಕೈಲಿ ಸುಮ್ಮನಿರೋಕಾಗಲ್ಲ. ಹಾಸಿಗೆ ಹೇಳಿಟ್ಟಿದೀವಿ, ನನ್ನ ತಮ್ಮನೂ ಬಂದಿದಾನೆ. ಏಳಿ ರೀ."

ಗುಮಾಸ್ತರಿಗೆ ಯಾವ ಹಾಸಿಗೆ ಎಂದು ಕೇಳುವುದಕ್ಕೂ ಬಿಡುವಾಗಲಿಲ್ಲ. ತಜ್ಞರ ಕಣ್ಣು ಆಗಲೇ ಭಾವಮೈದುನನ ಮೇಲಿತ್ತು. "ಇವರೇನಾ? ಒಳ್ಳೇದಾಯ್ತು. ನಿಮ್ಮ ಎರಡನ್ನೂ ನಾನು ಪರೀಕ್ಷೆ ಮಾಡಬೇಕಲ್ಲ."

ಭಾವಮೈದುನ ತಬ್ಬಿಬ್ಬಾದ. "ನೀವು ಡಾಕ್ಟರಾ ಸಾರ್?"

"ಹೌದು, ಡಾಕ್ಟರೇಟ್ ಆಗಿದೆ. ಜೊತೇಲೇ ತಂದಿದೀರಾ?"

"ಬಿಟ್ಟು ಬರೋಕಾಗುತ್ತಾ ಸಾರ್."

"ಹಾಗಾದ್ರೆ ಇಲ್ಲೇ ಮೇಜಿನ ಮೇಲೆ ಇಡಿ."

ಭಾವಮೈದುನ ಮೇಜನ್ನು ನೋಡಿದ, ಅಕ್ಕನನ್ನು ನೋಡಿದ, ಮೇಡಂ ಅವರನ್ನು ನೋಡಿದ. ಭಾವನ ಜೀವದ ಪ್ರಶ್ನೆ. "ಹೆಂಗಸರು ಒಂದು ನಿಮಿಷ ಹೊರಗಿದ್ರೆ," ಎಂದು ಅಂಗಿ ಮೇಲೆತ್ತಿ ಬೆಲ್ಟಿಗೆ ಕೈ ಹಾಕಿದ.

ಮೇಡಂ ಕುರ್ಚಿಯಿಂದೆದ್ದರು. ತಜ್ಞರು ಕುರ್ಚಿ ಸಮೇತ ಹಿಂದೆ ಸರಿದರು. "ಎಡಗಡೆದು ಇದು ಸಾರ್," ಎಂದು ಭಾವಮೈದುನ ಸೊಂಟದ ಕೆಳಗೆ ಬೆರಳಿಟ್ಟು, ಕಣ್ಣು ಮುಚ್ಚಿಕೊಂಡು ಹೇಳಿದ. "ದುಡ್ಡಿಂದು."

ಮೊದಲು ಅರ್ಥವಾದದ್ದು ಕಾಂಪೌಂಡರಿಗೆ. ಅವರು ಜಾಣರು, ಗೋಡೆಯ ಕಪಾಟಿನಲ್ಲಿದ್ದ ಪುಸ್ತಕಗಳ ಹೆಸರು ಓದತೊಡಗಿದರು. ಆಮೇಲೆ ಗುಮಾಸ್ತರಿಗಾಯಿತು. ಸಪ್ಪೆ ಊಟ, ಸೇಬು, ಬೈಂಡಿಂಗಿನವನ ಕೈಕುಲುಕು, ಎಲ್ಲ ಒಂದೊಂದಾಗಿ ಬಂದು ಅವರ ಎದುರಿಗೆ ಸಾಲಾಗಿ ನಿಂತವು.

"ನಿಮಗೆ ಆಪರೇಷನ್ ಇಲ್ವಾ ಹಾಗಾದ್ರೆ?" ಹೆಂಡತಿಯ ದನಿ ಸಣ್ಣದಾಗಿತ್ತು.

"ನನಗ್ಯಾತಕ್ಕೆ ಆಪರೇಷನ್?"

"ಇರೋದು ಹತ್ತೇ ದಿನ ಅಂದ್ರಿ. ಅವಳಿಗೆ ಗೊತ್ತಾಗೋದು ಬೇಡ ಅಂದ್ರಿ."

"ವರದಿಗೆ ಹತ್ತು ದಿನ. ಗೊತ್ತಾಗೋದು ಬೇಡ ಅಂದಿದ್ದು..." ಗುಮಾಸ್ತರು ನಿಲ್ಲಿಸಿದರು. ಎಲ್ಲರೂ ಕಾಯುತ್ತಿದ್ದರು. "ನನಗೆ ಕಂಪ್ಯೂಟರ್ ಬರಲ್ಲ ಅನ್ನೋದು."

ಹೆಂಡತಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತು, ಗಂಡನಿಗೆಂದು ತಂದ ಫ್ಲಾಸ್ಕ್ ತೆರೆದು ತಾನೇ ಕುಡಿದಳು. ಹತ್ತು ದಿನ ಒಳಗೊಳಗೇ ಅತ್ತಿದ್ದಳು. ಈಗ ಅಳುವುದಕ್ಕೂ ನಗುವುದಕ್ಕೂ ಆಗದೆ ಆಕೆಗೆ ಬಿಕ್ಕಳಿಕೆ ಬಂತು.

ಮೇಡಂ ತಜ್ಞರ ಕಡೆ ತಿರುಗಿದರು. "ವರದಿ ವಾಪಸ್ ತಗೊಳ್ತೀವಿ ಸಾರ್. ದೊಡ್ಡ ಅಚಾತುರ್ಯ ಆಯ್ತು."

ತಜ್ಞರು ವರದಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮತ್ತೆ ಓದಿದರು. ಈ ಸಲ ಅವರ ತುಟಿ ಅಲ್ಲಲ್ಲಿ ಅದುರುತ್ತಿತ್ತು. ಮುಗಿಸಿ ಕನ್ನಡಕ ತೆಗೆದರು.

"ಒಂದು ಮಾತೂ ತಪ್ಪಿಲ್ಲ ಮೇಡಂ. ಹದಿನಾರು ವರ್ಷದಿಂದ ನನಗೆ ಇದೇ ಕೆಲಸ. ಇಷ್ಟು ಬಿಡಿಸಿ ಹೇಳೋಕೆ ನನ್ನ ಕೈಲಿ ಆಗಿಲ್ಲ."

ಪೆನ್ನು ತೆಗೆದು ಅವರು ಎರಡೇ ತಿದ್ದುಪಡಿ ಮಾಡಿದರು. ಎಡಗಡೆಯದು, ಬಲಗಡೆಯದು ಎಂದಿದ್ದಲ್ಲೆಲ್ಲ ಮಾದರಿ ಒಂದು, ಮಾದರಿ ಎರಡು ಎಂದು ಬರೆದರು. ರಕ್ಷಾಪುಟದಲ್ಲಿ ಗುಮಾಸ್ತರ ಹೆಸರಿದ್ದಲ್ಲಿ ತಮ್ಮ ಹೆಸರು ಬರೆದರು. ಯಾವುದನ್ನು ಹಾಕಿಸೋಣ ಎಂದು ಮೇಡಂ ಕೇಳಿದಾಗ, ತಜ್ಞರಾದವರು ಕೊಡಬೇಕಾದ ಉತ್ತರವನ್ನೇ ಕೊಟ್ಟರು: ಮೂರಕ್ಕೆ ಅದು, ಮೂರಕ್ಕೆ ಇದು. "ಕೋಣೆ ಮಾತ್ರ ಇವರಿಗೇ ಕೊಡಿ," ಎಂದು ಬಾಗಿಲ ಹತ್ತಿರ ನಿಂತು ಹೇಳಿದರು. "ಗೊತ್ತಿರೋರು ಎಷ್ಟು ಪರೀಕ್ಷೆ ಮಾಡಿದ್ರೂ ಅಷ್ಟಕ್ಕಷ್ಟೇ. ಇಂಥೋರ ಕೈಗೆ ಸಿಕ್ಕು ಉಳಿದ್ರೆ ಅದು ಗಟ್ಟಿ."

ಗುಮಾಸ್ತರು ಇದನ್ನು ಹೊಗಳಿಕೆಯ ಖಾತೆಗೇ ಹಾಕಿಕೊಂಡರು.

ಹೊರಗೆ ಬಂದಾಗ ಹೆಂಡತಿ ಮನೆಯ ದಾರಿ ಹಿಡಿಯಲಿಲ್ಲ. "ಹಾಸಿಗೆ ಹೇಳಿ ಆಗಿದೆ, ಚೀಲ ತುಂಬಿ ಆಗಿದೆ, ನಾನು ಅತ್ತೂ ಆಗಿದೆ. ಸುಮ್ಮನೆ ವಾಪಸ್ ಹೋಗೋಕೆ ನಾನು ಸಿದ್ಧ ಇಲ್ಲ. ಬಂದು ಎಲ್ಲ ಟೆಸ್ಟ್ ಮಾಡಿಸ್ಕೊಳ್ಳಿ." ಹತ್ತು ದಿನ ಸಪ್ಪೆ ಅಡುಗೆ ಮಾಡಿಕೊಂಡು ತಾನು ಪಟ್ಟ ಸಂಕಟಕ್ಕೆ ಯಾವುದಾದರೂ ಒಂದು ಚೀಟಿ ಕೈಗೆ ಸಿಗಲೇಬೇಕೆಂಬ ಹಟ ಆಕೆಯ ಮುಖದಲ್ಲಿತ್ತು. ಗುಮಾಸ್ತರು ಎದುರಾಡಲಿಲ್ಲ. ಎದುರಾಡುವ ಹಕ್ಕು ಅಂದಿನ ಮಟ್ಟಿಗೆ ಅವರಿಗೆ ಉಳಿದಿರಲಿಲ್ಲ.

ದುಡ್ಡಿನ ಆಸ್ಪತ್ರೆಯಲ್ಲಿ ಬಾಗಿಲು ಹಾಕಿಕೊಂಡು ಹದಿನೆಂಟು ಟೆಸ್ಟ್ ಮಾಡಿದರು. ಸಂಜೆ ಡಾಕ್ಟರು ಕರೆದು, ಪಿತ್ತಕೋಶದಲ್ಲಿ ಬಟಾಣಿ ಗಾತ್ರದ ಕಲ್ಲಿದೆ ಎಂದರು.

"ನೋವು ಗೀವು ಏನೂ ಇಲ್ಲ ಡಾಕ್ಟರೇ," ಅಂದರು ಗುಮಾಸ್ತರು.

"ಇರಲ್ಲ. ಎಷ್ಟೋ ಜನ ಇಟ್ಕೊಂಡೇ ಓಡಾಡ್ತಿರ್ತಾರೆ. ಹುಡುಕಿ ನೋಡಿರಲ್ಲ, ಅದಕ್ಕೆ ಇಲ್ಲ ಅಂದ್ಕೊಂಡಿರ್ತಾರೆ. ನಿಮ್ಮದು ತೆಗೆಸಿಬಿಡೋದು ಒಳ್ಳೇದು. ಇಲ್ಲಾದ್ರೂ ಸರಿ, ದೊಡ್ಡಾಸ್ಪತ್ರೇಲಿ ಪುಕ್ಕಟೆ ಮಾಡಿಸ್ಕೊಂಡ್ರೂ ಸರಿ. ನಿಮಗೆ ಬಿಟ್ಟಿದ್ದು."

ಗಂಡ ಹೆಂಡತಿ ಹೊರಗಿನ ಬೆಂಚಿನ ಮೇಲೆ ಬಂದು ಕೂತರು. ಮಧ್ಯದಲ್ಲಿ ಟವೆಲು, ಹೊದಿಕೆಯ ಚೀಲ. ಹೆಂಡತಿ ಕೇಳಿದಳು:

"ಏನು ಮಾಡೋಣ ರೀ? ದುಡ್ಡಿಂದೋ, ಪುಕ್ಕಟೆದೋ?"

ಗುಮಾಸ್ತರು ಚೀಲದೊಳಗಿನ ಟವೆಲು ತೆಗೆದು ಮತ್ತೆ ಮಡಚಿದರು.

"ಹದಿನಾಲ್ಕು ಪುಟ ಬರೆದಿದೀರಲ್ಲ ಅದರ ಮೇಲೆ. ಆ ತಜ್ಞರೇ ಒಪ್ಪಿದಾರೆ. ಅದನ್ನೇ ನೋಡಿ ಹೇಳಿ."

"ಹೇಳಬಹುದಿತ್ತು," ಅಂದರು 'ಸಿಸ್ಟಂ ಸಾಹೇಬರು', ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. "ಬೇರೆ ಯಾರಾದ್ರೂ ಬರೆದಿದ್ರೆ ಕಣ್ಣು ಮುಚ್ಕೊಂಡು ನಂಬ್ತಿದ್ದೆ."